ಜೆಮಿಲೆಯ ರೆಪ್ಪೆಗಳು

2011ರ ಜನವರಿ 16, ಭಾನುವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು, ಎಂದು ರುಫಾತ್ ವಾಡಿಕೆಯಂತೆ ಕ್ಯಾಮೆರಾಗೆ ಮೆಲ್ಲಗೆ ಹೇಳಿದ, ಅಂಗಳದ ಮರದ ಚೌಕಟ್ಟಿಗೆ ತೂಗುಹಾಕಿದ ಮಗಳ ಬಳುವಳಿಯ ರಜಾಯಿಯೊಂದರ ಕೆಂಪು ಅಂಚು ಗಾಳಿಗೆ ಎದ್ದು ಬಿತ್ತು, ಎದ್ದದ್ದು ಕಂಡಿತು, ಬಿದ್ದದ್ದು ಕಾಣಲಿಲ್ಲ, ಅದು ತೂತಿನ ಹೊರಗೆ — ತೂತು ಎನ್ನದೆ ಇನ್ನೇನು ಎನ್ನಬೇಕು, ಬೀಗದ ಕಿಂಡಿಯಿಂದ ನೋಡಿದ ಹಾಗೆ ಲೋಕ, ಸುತ್ತ ಕಪ್ಪೂ ಇಲ್ಲ, ಬರೀ ಇಲ್ಲ. ನಾಲ್ಕು ಡಿಗ್ರಿ ನೋಟ ಉಳಿದಿದೆ ಮೇಷ್ಟ್ರೇ, ಅಂದಿದ್ದಳು ಪ್ಲೋವ್ದಿವ್ ನಗರದ ಕಣ್ಣಿನ ಡಾಕ್ಟರಮ್ಮ, ಮುಂದಿನ ಚಳಿಗಾಲಕ್ಕೆ ಇದೂ ಇರಲ್ಲ, ಮನೇಲಿ ಹೇಳಿದೀರಾ? ಹೇಳಿಲ್ಲ, ಹೇಳಿದರೆ ಜೆಮಿಲೆ ಮದುವೆ ಬಿಟ್ಟು ಇಲ್ಲೇ ಕೂತುಬಿಡುತ್ತಾಳೆ, ಅಪ್ಪನ ಕೈ ಹಿಡಿದು ಮಸೀದಿಗೆ, ಅಂಗಡಿಗೆ — ಬೇಡ, ಹೋಗಲಿ, ನಾಳೆ ನಸುಕಿನ ಬಸ್ಸಿಗೆ ಗಂಡನ ಜೊತೆ ಸ್ಪೇನಿಗೆ ಹೋಗಲಿ, ನಸುಕಿನಲ್ಲಂತೂ ಅವನಿಗೆ ಏನೂ ಕಾಣುವುದಿಲ್ಲ, ಬಸ್ಸಿನ ಸದ್ದಿಗೆ ಕೈಬೀಸಿದರಾಯಿತು. ರೀ, ಒಲೆ ಬೂದಿ ತಂದು ಹಿಮದ ಮೇಲೆ ಯಾಕೆ ಗೆರೆ ಎಳೆದ್ರಿ? ಎಂದು ಹೆಂಡತಿ ನೆಫಿಯೆ ಆಗಲೇ ಕೂಗಿದ್ದಳು, ಕ್ಯಾಮೆರಾಗೆ ಕಣೇ ಎಂದಿದ್ದ, ಸುಳ್ಳು, ಗೆರೆ ಅವನ ಕಣ್ಣಿಗೆ, ಇಪ್ಪತ್ತು ಸೆಂಟಿಮೀಟರ್ ಅಗಲದ ಮುಖ ನಾಲ್ಕು ಡಿಗ್ರಿಯೊಳಗೆ ಪೂರ್ತಿ ಹಿಡಿಸಲು ಎಷ್ಟು ದೂರ ನಿಲ್ಲಬೇಕು, ಹತ್ತನೇ ಕ್ಲಾಸಿಗೆ ತಾನೇ ಹೇಳಿಕೊಡುವ ಲೆಕ್ಕ, ಅದಕ್ಕಿಂತ ಹತ್ತಿರ ಬಂದರೆ ಬರೀ ಮೂಗು, ಬರೀ ಬಾಯಿ, ಮಗಳು ಚೂರುಚೂರು.

ಅಪ್ಪಾ, ಎಲ್ರ ಮದುವೆ ಚಿತ್ರಾನೂ ಒಂದೇ ಥರ, ಡೋಲು, ಕುಣಿತ, ಬಿಳಿ ಮುಖ, ಮುಗೀತು, ನಂದನ್ನ ಜನ ಮರೀಬಾರ್ದು ನೋಡು. ಅಂದಳಲ್ಲ, ಅಂದಿನಿಂದ ಎಷ್ಟು ಯೋಚಿಸಿದ, ಊರಿನ ಎಷ್ಟು ಮದುವಣಗಿತ್ತಿಯರನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಾನೆ, ಮುಖಕ್ಕೆ ದಪ್ಪ ಬಿಳಿ ಲೇಪ, ಅದರ ಮೇಲೆ ಮಿಂಚುಚುಕ್ಕಿಯ ಹೂಗಳು, ಎಲ್ಲರದೂ ಮುಚ್ಚಿದ ರೆಪ್ಪೆ, ಗಂಡನ ಮನೆಯಲ್ಲಿ ಮಸೀದಿಯ ಹೋಜಾ ದುವಾ ಮಾಡುವವರೆಗೂ ತೆರೆಯುವಂತಿಲ್ಲ, ಆಮೇಲೆ ಗಂಡ ಹಾಲಿನಲ್ಲಿ ಆ ಬಿಳಿ ತೊಳೆಯುತ್ತಾನೆ, ಆ ಕೋಣೆಗೆ ಕ್ಯಾಮೆರಾ ಇಲ್ಲ, ಅಪ್ಪನೂ ಇಲ್ಲ. ಅದಕ್ಕೇ ಚಿತ್ರ ಅವಳ ತೆರೆದ ಕಣ್ಣಿಂದಲೇ ಶುರುವಾಗಬೇಕು, ಬಣ್ಣ ಬಳಿಯುವ ಮುಂಚೆ, ಕಿಟಕಿಯ ಬೆಳಕಲ್ಲಿ, ಉದ್ದಕ್ಕೆ, ಮಾತಿಲ್ಲದೆ, ಆಮೇಲೆ ಇಡೀ ದಿನ ಮುಚ್ಚಿದ ರೆಪ್ಪೆ, ಕೊನೆಗೆ ಮತ್ತೆ ಅದೇ ಕಣ್ಣು, ಉಳಿದ ತಿಂಗಳುಗಳಲ್ಲಿ ಅದನ್ನೇ ಹಾಕಿಕೊಂಡು ನೋಡುತ್ತ ಕೂರಬಹುದು, ನೋಡುತ್ತಲೇ ಕುರುಡಾಗಬಹುದು. ಬಂದಿದ್ದಳಲ್ಲ ಇವತ್ತು, ಒದ್ದೆ ಕೂದಲು, ಸೋಪಿನ ವಾಸನೆ, ಅಪ್ಪಾ, ಬಂದೆ, ನೋಡು — ಅವನು ಬಗ್ಗಿ ದೀಪ ತಿರುಗಿಸುತ್ತಿದ್ದ, ತಲೆ ಎತ್ತಲಿಲ್ಲ, ಒಂದ್ನಿಮಿಷ ಇರಮ್ಮ, ಬೆಳಕು ಸರಿಯಿಲ್ಲ, ಎಂದುಬಿಟ್ಟ, ಬೆಳಕಂತೆ! ಭಾವ, ನಿಮ್ಮ ಬೆಳಕಿಗೆ ಕಾಯ್ತಾ ಕೂತ್ರೆ ಹುಡುಗಿಗೆ ಮೊಮ್ಮಕ್ಕಳಾಗ್ತವೆ, ಎಂದು ನಾದಿನಿ ಶುಕ್ರಿಯೆ ಅವಳನ್ನು ಎಳೆದುಕೊಂಡು ಹೋದಳು, ತಲೆ ಎತ್ತುವಷ್ಟರಲ್ಲಿ ಬಾಗಿಲು, ಅಗುಳಿ, ಒಳಗೆ ಹೆಂಗಸರ ನಗು, ಸ್ವಲ್ಪ ತೆಗೀರಿ ಅಂದರೆ, ಗಂಡಸರಿಗೆ ಇಲ್ಲೇನ್ ಕೆಲ್ಸ, ಹೋಗಿ ರಜಾಯಿ ಹಿಡೀರಿ! ಕ್ಯಾಮೆರಾದಲ್ಲಿ ಬಿದ್ದಿದ್ದು ಅವಳ ಚಪ್ಪಲಿ ಮಾತ್ರ.

ಡೋಲಿನ ಸದ್ದು ಜೋರಾಯಿತು, ಕರೆತರುತ್ತಿದ್ದಾರೆ, ಅವನು ಬೂದಿಯ ಗೆರೆಯ ಮೇಲೆ ನಿಂತ, ಕಿಂಡಿಯಲ್ಲಿ ಕೆಂಪು, ಜರಿ, ಯಾರದೋ ಮೊಣಕೈ, ಆಮೇಲೆ ಬಿಳಿ, ಲೆಕ್ಕ ಸರಿಯಿತ್ತು, ಮುಖ ಪೂರ್ತಿ ಹಿಡಿಸಿತು, ಕಿವಿಯಿಂದ ಕಿವಿಗೆ, ಮತ್ತೆ ಅದೇ ರೆಪ್ಪೆ, ಎಲ್ಲರವುಗಳ ಹಾಗೇ, ಇವು ಇವಳದಾ, ಇವಳದೇ ಅಂತ ಹೇಗೆ ಹೇಳುವುದು. ಅಪ್ಪಾ, ಇದ್ದೀಯಾ? ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು, ಚೆನ್ನಾಗಿ ಬರ್ತಿದೆಯಾ? ಎಡ ರೆಪ್ಪೆ ಅದುರಿತು, ಒಂದು ಚುಕ್ಕಿ ಉದುರಿತು, ತೆಗೆ ಮಗಳೇ ಅಂದರೆ ತೆಗೆದೇಬಿಡುತ್ತಾಳೆ, ಹೆಂಗಸರು ಅಶುಭ ಅಂತ ಕಿರುಚಿಕೊಳ್ಳಲಿ, ಒಂದು ಮಾತು ಸಾಕು — ತೆರೆದರೆ ಅವಳಿಗೆ ಕಾಣುವುದು ಅಪ್ಪನ ಮುಖ, ಈ ಮುಖ, ನೋಡಿದ ತಕ್ಷಣ ಅವಳಿಗೆ ಬಚ್ಚಿಟ್ಟದ್ದೆಲ್ಲ ಗೊತ್ತಾಗಿಬಿಡುತ್ತದೆ. ಬರ್ತಿದೆ ಕಣಮ್ಮ, ಬಿಗಿಯಾಗಿ ಮುಚ್ಕೊಂಡಿರು. ಮುಚ್ಚಿಕೊಂಡಳು. ಎರಡು ರೆಪ್ಪೆ. ಬಿಳಿ, ಅದರಲ್ಲಿ ಎರಡು ರೆಪ್ಪೆ. ದೂರ ಎರಡು ಮೀಟರ್ ಎಂಬತ್ತಾರು ಸೆಂಟಿಮೀಟರ್.