ಅತ್ತಿಗೆ ಪಾಸಾದ ವರ್ಷ

ಇದನ್ನು ಬರೆಯುವ ಹಕ್ಕು ನನಗಿದೆಯೇ ಎಂದು ಬಹಳ ದಿನ ಯೋಚಿಸಿದೆ. ಇಲ್ಲವೆಂದೇ ಅನ್ನಿಸಿತು. ಆದರೂ ಬರೆಯುತ್ತಿದ್ದೇನೆ, ಓದುವವರು ಮನ್ನಿಸಬೇಕು. ನನ್ನದು ಹಗಲೆಲ್ಲ ದುಡಿದು, ಸಂಜೆ ಶಾಲೆಯಲ್ಲಿ ತೂಕಡಿಸುತ್ತ ಕಲಿತ ವಿದ್ಯೆ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಈಗಲೂ ಸರಿಯಾಗಿ ತಿಳಿಯದು. ಅದೂ ಅಲ್ಲದೆ ಇದು ನನ್ನ ಕಥೆಯಲ್ಲ, ನನ್ನ ಅತ್ತಿಗೆಯದು. ಅವರನ್ನು ಒಂದು ಮಾತೂ ಕೇಳದೆ ಬರೆಯುತ್ತಿದ್ದೇನೆ.

ಅತ್ತಿಗೆ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದರು. ಆಪರೇಷನ್‌ಗೆ ಬೇಕಾದ ಕತ್ತರಿ, ಚಿಮಟ, ಇಕ್ಕಳಗಳನ್ನು ತೊಳೆದು, ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿ, ಹಬೆಯ ಯಂತ್ರದಲ್ಲಿಟ್ಟು ಶುದ್ಧ ಮಾಡುವ ಕೋಣೆ ಅವರದು. ಆ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇರಲಿಲ್ಲ. ಯಂತ್ರದ ಬಾಗಿಲು ತೆರೆದಾಗಲೆಲ್ಲ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಸಹಾಯಕಿಯಾಗಿ ಸೇರಿದ ಅತ್ತಿಗೆ ಏಳು ವರ್ಷಕ್ಕೆ ಅಲ್ಲಿನ ಮೇಲ್ವಿಚಾರಕಿಯಾಗಿದ್ದರು.

ಪ್ರತಿ ಗಂಟಿಗೂ ಒಂದು ಪಟ್ಟಿ ಅಂಟಿಸುತ್ತಾರೆ. ಹಬೆ ಸರಿಯಾಗಿ ತಾಗಿದರೆ ಅದರ ಮೇಲೆ ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ಮೂಡಿದರೆ ಸಾಕು, ಉಳಿದವರು ಗಂಟನ್ನು ಮೇಲಕ್ಕೆ ಕಳಿಸಿಬಿಡುತ್ತಿದ್ದರು. ಅತ್ತಿಗೆ ಮಾತ್ರ ಅಂಗೈಯನ್ನು ಗಂಟಿನ ಅಡಿಗೆ ಒತ್ತಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುವರು. ಎಲ್ಲೋ ಒಂದು ಮೂಲೆಯಲ್ಲಿ ರೋಗಾಣು ಸೇರಲು ಸಾಕಾಗುವಷ್ಟು ತೇವ ಉಳಿದಿದ್ದರೂ ಗಂಟು ಬಿಚ್ಚಿ ಮತ್ತೆ ಮೊದಲಿನಿಂದ. ಅಲ್ಲಿನ ದೊಡ್ಡ ಡಾಕ್ಟರು ಗಂಟು ಬಿಚ್ಚುವ ಮೊದಲು ಇದು ಕೆಳಗಿನ ಅಕ್ಕನ ಕೈಯದೇ ತಾನೆ ಎಂದು ಕೇಳುತ್ತಿದ್ದರಂತೆ. ಇದನ್ನು ಅತ್ತಿಗೆ ಹೇಳಿದ್ದಲ್ಲ. ಅವರು ಹಾಗೆಲ್ಲ ಹೇಳಿಕೊಳ್ಳುವವರಲ್ಲ.

ಆ ಕೆಲಸಕ್ಕೆ ಹತ್ತನೇ ತರಗತಿ ಪಾಸಾಗಿರಬೇಕಿತ್ತು. ಅತ್ತಿಗೆ ಪಾಸಾಗಿರಲಿಲ್ಲ. ಉಳಿದೆಲ್ಲ ವಿಷಯ ಮುಗಿಸಿ ಗಣಿತದಲ್ಲಿ ಹದಿನೇಳು ತೆಗೆದುಕೊಂಡು ಕೂತಿದ್ದರು. ಮದುವೆಯಾದ ಮೂರನೇ ವರ್ಷ, ಅರ್ಜಿ ಹಾಕುವ ಹಿಂದಿನ ದಿನ, ನಮ್ಮಣ್ಣ ಊಟದ ಮೇಜಿನ ಮೇಲೆ ಅಂಕಪಟ್ಟಿಯ ನಕಲನ್ನು ಹರಡಿಕೊಂಡು, ಸಣ್ಣ ಮೊನೆಯ ಪೆನ್ನಿನಿಂದ ಒಂದನ್ನು ನಾಲ್ಕು ಮಾಡಿದ. ಫಲಿತಾಂಶದ ಸಾಲಿನ ಮೇಲೆ ಬೇರೆ ಚೀಟಿ ಅಂಟಿಸಿದ. ಅದನ್ನು ನಕಲು ಮಾಡಿಸಿ, ಆ ನಕಲಿನ ನಕಲು ಮಾಡಿಸಿದ. ಆಗ ಆಸ್ಪತ್ರೆ ಚಿಕ್ಕದು, ಮೂಲಪ್ರತಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಸುಳ್ಳು ಎಂದು ಕರೆದದ್ದಿಲ್ಲ. ಅತ್ತಿಗೆ ಅಂಗಡಿಯಿಂದ ಚಿಲ್ಲರೆ ತಪ್ಪಾಗಿ ತಂದರೆ ಅಣ್ಣ ಮಾತ್ರ ಬಿಡುತ್ತಿರಲಿಲ್ಲ. ಗಣಿತದಲ್ಲಿ ನಲವತ್ತೇಳು ತಗೊಂಡವಳು ನೀನು, ನಿನಗೇ ಹೀಗಾದರೆ ನನ್ನಂಥ ಬಸ್ ಡ್ರೈವರ್ ಗತಿಯೇನು ಎನ್ನುತ್ತಿದ್ದ. ಅತ್ತಿಗೆ ನಗುತ್ತಿದ್ದರು. ಆ ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿತ್ತೇ ಎಂದರೆ ಹೇಳಲಾರೆ.

ಅಮ್ಮನಿಗೆ ಕಾಯಿಲೆಯಾದಾಗ ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು, ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದೆ. ಅಮ್ಮ ಹೋದ ಮೇಲೆ ಅತ್ತಿಗೆಯೇ ನನ್ನನ್ನು ಸಂಜೆ ಶಾಲೆಗೆ ಸೇರಿಸಿದ್ದು. ಬರುವಾಗ ಕತ್ತಲಾಗುತ್ತದೆ, ಜೊತೆಗಿರುತ್ತೇನೆ ಎಂದು ತಾವೂ ಬರತೊಡಗಿದರು. ಹಗಲು ಚಿಕ್ಕ ಮಕ್ಕಳು ಕೂರುವ ಬೆಂಚುಗಳು ಅವು. ನಮ್ಮ ಮೊಣಕಾಲುಗಳು ಮೇಜಿಗೆ ತಾಗುತ್ತಿದ್ದವು. ಒಂದು ವಾರ ಅತ್ತಿಗೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರು. ಆಮೇಲೆ ಗಣಿತದ ಮೇಷ್ಟ್ರು, ಸುಮ್ಮನೆ ಕೂರುವ ಬದಲು ಒಂದು ಲೆಕ್ಕ ಮಾಡಿ ಎಂದು ಸೀಮೆಸುಣ್ಣ ಕೊಟ್ಟರು. ಒಂದು ಪಾಲಿಗೆ ಎಂಟು ಪಾಲು ನೀರು, ಹೀಗೇನೋ ಇತ್ತು. ಅತ್ತಿಗೆ ಥಟ್ಟನೆ ಬರೆದುಬಿಟ್ಟರು.

"ಇದನ್ನ ನಾನು ದಿನಾ ಮಾಡ್ತೀನಿ ಸಾರ್, ತೊಳೆಯೋ ದ್ರಾವಣ ಕಲಸುವಾಗ," ಎಂದರು. "ಇದೂ ಗಣಿತಾನಾ?"

ಆ ವರ್ಷ ನಾವಿಬ್ಬರೂ ಒಟ್ಟಿಗೇ ಪರೀಕ್ಷೆ ಬರೆದೆವು. ಅವರು ಬರೆದದ್ದು ಗಣಿತ ಒಂದನ್ನೇ. ಬೀಜಗಣಿತ ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ, ಅಡುಗೆ ಮಾಡುತ್ತ ಸೂತ್ರಗಳನ್ನು ಮಂತ್ರದಂತೆ ಗೊಣಗುತ್ತಿದ್ದರು. ಫಲಿತಾಂಶ ಬಂದಾಗ ನಲವತ್ತೊಂದು. ಅದನ್ನು ಎರಡೆರಡು ಸಲ ಓದಿ, ಅಣ್ಣನ ಕಡೆ ತಿರುಗಿ, ನೀವು ಕೊಟ್ಟಿದ್ದಕ್ಕಿಂತ ಆರೇ ಕಮ್ಮಿ ಎಂದರು. ಆ ದಿನ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕೆವು. ಹೊಸ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಟ್ಟರು.

ನಾನು ಅಲ್ಲಿಗೇ ನಿಲ್ಲಿಸದೆ ಇನ್ನೆರಡು ವರ್ಷ ಓದಿದೆ. ಅತ್ತಿಗೆಯ ಆಸ್ಪತ್ರೆಯ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ ಖಾಲಿ ಇದೆ ಎಂದು ತಿಳಿಸಿದ್ದೂ ಅವರೇ. ನನಗೆ ಕೆಲಸ ಸಿಕ್ಕಿತು.

ಹೋದ ವರ್ಷ ಆಸ್ಪತ್ರೆಗೆ ಗುಣಮಟ್ಟದ ಮಾನ್ಯತೆ ಪಡೆಯುವ ಸಿದ್ಧತೆ ಶುರುವಾಯಿತು. ಪರಿಶೀಲನೆಗೆ ಹೊರಗಿನವರು ಬರುತ್ತಾರೆ, ಪ್ರತಿ ನೌಕರರ ಫೈಲಿನಲ್ಲಿ ವಿದ್ಯಾರ್ಹತೆಯ ಮೂಲಪ್ರತಿ ನೋಡಿದ್ದಕ್ಕೆ ಒಂದು ಹಾಳೆ ಇರಬೇಕು ಎಂದು ಮ್ಯಾನೇಜರ್ ಮೇಡಂ ಹೇಳಿದರು. ಫೈಲುಗಳನ್ನು ನಮ್ಮ ಮೂವರಿಗೆ ಹಂಚಿದರು. ಅತ್ತಿಗೆಯ ಫೈಲು ಹೋದದ್ದು ನಮ್ಮ ಹಿರಿಯ ಗುಮಾಸ್ತರ ಪಾಲಿಗೆ. ಏನು ಹೇಳಿದರೂ ಆಯ್ತಪ್ಪ ಎನ್ನುವುದರಿಂದ ಅವರಿಗೆ ಆಸ್ಪತ್ರೆಯಲ್ಲೆಲ್ಲ ಅದೇ ಹೆಸರು. ಮೂವತ್ತು ವರ್ಷ ಕಾಗದ ನೋಡಿದ ಮನುಷ್ಯ, ಇವರ ಕಣ್ಣಿಗೆ ಆ ನಾಲ್ಕು ಬಿದ್ದೇ ಬೀಳುತ್ತದೆ ಎಂದು ನಾನು ಹೆದರಿದೆ. ನಿಮಗೆ ಜಾಸ್ತಿಯಾಯಿತು, ಆ ಹತ್ತು ಫೈಲು ನನಗೆ ಕೊಡಿ ಎಂದು ಅತ್ತಿಗೆಯದಿದ್ದ ಕಟ್ಟನ್ನು ತೋರಿಸಿ ಕೇಳಿದೆ. ಅವರು ಆಯ್ತಪ್ಪ ಎಂದು ಎತ್ತಿಕೊಟ್ಟರು. ಆಮೇಲೆ ಗಮನಿಸಿದೆ, ಆಯ್ತಪ್ಪನವರು ಫೈಲು ಬಿಚ್ಚದೆಯೇ ಹಾಳೆಗಳಿಗೆ ಸಹಿ ಹಾಕುತ್ತಿದ್ದರು. ಆಗ ಫೈಲು ನನ್ನ ಕೈಯಲ್ಲಿತ್ತು. ಹಿಂದಿರುಗಿಸಲು ಏನು ಕಾರಣ ಹೇಳಲಿ? ನನ್ನ ಸ್ವಂತ ಅತ್ತಿಗೆಯ ಫೈಲನ್ನು ನಾನು ನೋಡಬಾರದು ಎಂದು ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ.

ಮನೆಯಲ್ಲಿ ಅತ್ತಿಗೆ ಬೀರುವಿನಿಂದ ಪ್ರಮಾಣಪತ್ರ ತೆಗೆದುಕೊಟ್ಟರು. ಅವರ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಇಷ್ಟು ವರ್ಷ ಹೊತ್ತದ್ದನ್ನು ಇವತ್ತು ಇಳಿಸುತ್ತೇನೆ ಎಂಬ ಹಾಗಿದ್ದರು. ಕೆಳಗೆ ಅಚ್ಚಾಗಿದ್ದ ತಾರೀಖನ್ನು ನಾನು ಬೆರಳಿಟ್ಟು ತೋರಿಸಿದೆ.

"ನಾನು ಪಾಸಾಗಿದೀನೋ ಇಲ್ವೋ, ಪುಟ್ಟಿ?"

"ಪಾಸಾಗಿದೀರಿ ಅತ್ತಿಗೆ. ಆದ್ರೆ ಕೆಲಸಕ್ಕೆ ಸೇರಿ ಎಂಟು ವರ್ಷ ಆದ್ಮೇಲೆ."

ಅವರು ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡು ನೋಡಿದರು. ನಾಲ್ಕು ವರ್ಷದಿಂದ ಬೀರುವಿನಲ್ಲಿದ್ದ ಕಾಗದ. ಅಂಕವನ್ನು ಎಷ್ಟು ಸಲ ನೋಡಿದ್ದರೋ, ಆ ತಾರೀಖನ್ನು ಅವರು ನೋಡಿಯೇ ಇರಲಿಲ್ಲ. ನಾನೂ ನೋಡಿರಲಿಲ್ಲ. ಪಾಸಾದರೆ ಸುಳ್ಳು ಅಳಿಸಿಹೋಗುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು. ಈಗ ನೋಡಿದರೆ ಹಳೆಯ ನಕಲು ಸುಳ್ಳೆಂದು ಆಫೀಸಿಗೆ ಸಾಕ್ಷಿ ಹೇಳುವ ಕಾಗದ ಇದೇ, ಅದನ್ನು ಅವರೇ ರಾತ್ರಿಯೆಲ್ಲ ಓದಿ ಸಂಪಾದಿಸಿದ್ದರು.

ಅಣ್ಣ, ಸುಮ್ಮನೆ ನೋಡಿದೆ ಅಂತ ಸಹಿ ಹಾಕು, ಅವಳೇನು ಹೊರಗಿನವಳಾ ಎಂದ. ಅತ್ತಿಗೆ ಅವನನ್ನು ಸುಮ್ಮನಿರಿಸಿದರು.

"ನಿನಗೆ ಏನು ಕಾಣುತ್ತೋ ಅದನ್ನ ಬರಿ," ಎಂದರು ನನಗೆ. ಹಾಗೆಂದು ಒಳಗೆ ಹೋದರು.

ನಾನು ಕಂಡದ್ದನ್ನೇ ಬರೆದೆ. ಮೂಲಪ್ರತಿ ನೋಡಲಾಗಿದೆ, ಉತ್ತೀರ್ಣ, ಇಂಥ ವರ್ಷ. ನಾನು ಒಳ್ಳೆಯವಳು ಎಂಬ ಕಾರಣಕ್ಕೆ ಬರೆದೆನೇ? ಇಲ್ಲ. ಹೆದರಿ ಬರೆದೆ. ಹೊರಗಿನವರು ಬಂದು ಸಹಿ ಯಾರದೆಂದು ಕೇಳುವ ಚಿತ್ರವೇ ಕಣ್ಣ ಮುಂದಿತ್ತು. ಇನ್ನೊಂದನ್ನೂ ಹೇಳಿಬಿಡುತ್ತೇನೆ: ಕೆಲಸ ಮಾಡುತ್ತಲೇ ಓದಿ ಪಾಸಾದರು ಎಂದು ಯಾರಾದರೂ ಮೆಚ್ಚಿಯಾರು ಎಂಬ ಆಸೆಯೂ ನನಗಿತ್ತು. ಅಷ್ಟು ಮುಗ್ಧಳಾಗಿದ್ದೆ. ಅಥವಾ ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮೇಡಂ ಎರಡನೇ ದಿನವೇ ಹಾಳೆ ಓದಿದರು. ಅವರು ಕೆಟ್ಟವರಲ್ಲ. ಅತ್ತಿಗೆಯನ್ನು ಕರೆಸಿ, ಬಾಗಿಲು ಹಾಕಿಕೊಂಡು, ಕೂರಿಸಿ ಮಾತಾಡಿದರಂತೆ. ಈಗ ಪಾಸಾಗಿರುವುದು ಬೇರೆ, ಅಂದು ಸುಳ್ಳು ಕಾಗದ ಕೊಟ್ಟಿದ್ದು ಬೇರೆ ಎಂದರಂತೆ. ದೂರು ಕೊಡುವುದಿಲ್ಲ, ರಾಜೀನಾಮೆ ಬರೆದುಕೊಡಿ ಎಂದರು. ದೊಡ್ಡ ಡಾಕ್ಟರು ಒಂದು ಸಲ ಆಫೀಸಿಗೆ ಬಂದು, ಇವರು ಹೋದರೆ ನಾನು ಯಾರ ಗಂಟು ನಂಬಲಿ ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಮೇಡಂ ಪರಿಶೀಲನೆಯ ತಾರೀಖು ಹೇಳಿದರು. ಡಾಕ್ಟರು ಹೊರಟುಹೋದರು. ಸುಳ್ಳು ದಾಖಲೆಯ ಮೇಲೆ ಮಾಡಿದ ಸೇವೆಗೆ ಅನುಭವಪತ್ರ ಕೊಡಲು ಬರುವುದಿಲ್ಲ ಎಂಬುದು ಆಫೀಸಿನ ತೀರ್ಮಾನ. ಆ ತೀರ್ಮಾನದ ಪತ್ರ ಟೈಪ್ ಮಾಡಿದ್ದು ನಾನು.

ಅತ್ತಿಗೆಯ ಜಾಗಕ್ಕೆ ಡಿಪ್ಲೊಮಾ ಓದಿದ ಹುಡುಗಿಯೊಬ್ಬಳು ಬಂದಳು. ನಾಲ್ಕು ದಿನ ಉಳಿದಿತ್ತು, ಆ ನಾಲ್ಕೂ ದಿನ ಅತ್ತಿಗೆ ಅವಳ ಅಂಗೈ ಹಿಡಿದು ಗಂಟಿನ ಅಡಿಗೆ ಒತ್ತಿ ತೋರಿಸಿದರು. ಅವಳಿಗೆ ತಿಳಿಯುತ್ತಿರಲಿಲ್ಲವಂತೆ. ಬರುತ್ತೆ ಬಿಡು, ನನಗೂ ಒಂದು ವರ್ಷ ಹಿಡಿಯಿತು ಎಂದು ಸಮಾಧಾನ ಹೇಳಿದ್ದನ್ನು ಆ ಹುಡುಗಿಯೇ ನನಗೆ ಹೇಳಿದಳು.

ಮನೆಯಲ್ಲಿ ಅಣ್ಣ ನನ್ನೊಡನೆ ಮಾತು ಬಿಟ್ಟ. ಉಪ್ಪು ಬೇಕಿದ್ದರೂ ಅತ್ತಿಗೆಯ ಮೂಲಕ ಕೇಳುತ್ತಿದ್ದ. ಅತ್ತಿಗೆ ಮಾತ್ರ ಏನೂ ಆಗದ ಹಾಗೆ ನನ್ನ ಡಬ್ಬಿಗೆ ಊಟ ಕಟ್ಟುತ್ತಿದ್ದರು, ತಲೆನೋವೆಂದರೆ ಹಣೆ ಮುಟ್ಟಿ ನೋಡುತ್ತಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎರಡು ಸಲ ಕ್ಷಮೆ ಕೇಳಲು ಅಡುಗೆಮನೆಯ ಬಾಗಿಲವರೆಗೆ ಹೋದೆ. ಎರಡು ಸಲವೂ ಏನು ಬೇಕು ಪುಟ್ಟಿ ಎಂದರು. ನೀರು ಎಂದೆ.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಅರ್ಜಿಯ ನಮೂನೆಯೊಂದನ್ನು ನನ್ನ ಮುಂದಿಟ್ಟರು. ಬಸ್ಸಿನಲ್ಲಿ ಒಂದು ಗಂಟೆ ದೂರದ ಇನ್ನೊಂದು ಆಸ್ಪತ್ರೆ. ಅದೇ ಕೋಣೆ, ಅದೇ ಕೆಲಸ, ಆದರೆ ತರಬೇತಿ ಸಹಾಯಕಿಯ ಹುದ್ದೆ. ನಿನ್ನ ಅಕ್ಷರ ಚೆನ್ನಾಗಿದೆ, ತುಂಬಿಕೊಡು ಎಂದರು. ನಾನು ಹೆಸರು, ವಿಳಾಸ, ವಯಸ್ಸು ಬರೆದೆ. ವಿದ್ಯಾರ್ಹತೆಯ ಕಡೆ ಹತ್ತನೇ ತರಗತಿ ಉತ್ತೀರ್ಣ ಎಂದು ಬರೆದು, ನಿಜವಾದ ಪ್ರಮಾಣಪತ್ರದ ಸಂಖ್ಯೆ ಹಾಕಿದೆ. ಮುಂದಿನ ಸಾಲು ಅನುಭವ.

"ಇಲ್ಲ ಅಂತ ಬರಿ."

ನಾನು ತಲೆಯೆತ್ತಿ ನೋಡಿದೆ.

"ಹನ್ನೆರಡು ವರ್ಷ ಅಂದ್ರೆ ಎಲ್ಲಿ ಅಂತಾರೆ. ಎಲ್ಲಿ ಅಂದ್ರೆ ಫೋನ್ ಮಾಡ್ತಾರೆ," ಎಂದರು. "ಬರಿ ಪುಟ್ಟಿ. ಕೈ ಯಾಕೆ ನಿಲ್ಲಿಸ್ತೀಯ?"

ನಾನು ಬರೆದೆ. ಅನುಭವ: ಇಲ್ಲ. ಅತ್ತಿಗೆಯ ಬಗ್ಗೆ ಕಾಗದದ ಮೇಲೆ ನಾನು ಬರೆದ ಸುಳ್ಳು ಅದೊಂದೇ. ಆ ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಆಸ್ಪತ್ರೆಯ ಹಾಳೆಯ ಮೇಲೆ ಒಂದು ವರ್ಷವನ್ನು ಮುಚ್ಚಿಡಲಾರದೆ ಹೋದವಳು ಇಲ್ಲಿ ಹನ್ನೆರಡು ವರ್ಷವನ್ನು ಎರಡಕ್ಷರದಲ್ಲಿ ಅಳಿಸಿಬಿಟ್ಟೆ.

ಕೆಲಸ ಸಿಕ್ಕಿತು. ಮೊದಲ ದಿನ ಮುಗಿಸಿ ಬಂದಾಗ ಅಣ್ಣ ಹೇಗಿತ್ತು ಎಂದು ಕೇಳಿದ. ಅತ್ತಿಗೆ ಚಪ್ಪಲಿ ಬಿಚ್ಚುತ್ತ ಹೇಳಿದರು. ಇಪ್ಪತ್ತೆರಡು ವರ್ಷದ ಹುಡುಗಿ ಕಲಿಸಿಕೊಡುತ್ತಾಳಂತೆ. ಬಟ್ಟೆಯ ನಾಲ್ಕು ಮೂಲೆಯನ್ನು ಯಾವ ಕ್ರಮದಲ್ಲಿ ಮಡಚಬೇಕು ಎಂದು ಅವಳು ತೋರಿಸಿ, ಈಗ ನೀವು ಮಾಡಿ ಆಂಟಿ ಎಂದಳಂತೆ.

"ಮೊದಲನೇ ಸಲ ಬೇಕಂತಲೇ ತಪ್ಪು ಮಡಚಿದೆ," ಎಂದರು ಅತ್ತಿಗೆ. "ಎರಡನೇ ಸಲಾನೂ. ಮೂರನೇ ಸಲಕ್ಕೆ ಸರಿ ಮಾಡಿದೆ. ಬೇಗ ಕಲೀತೀರ ಅಂದ್ಲು, ಪಾಪ."

ಅಣ್ಣ ನಗಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗಂಟಿನ ಅಡಿಗೆ ಅಂಗೈ ಒತ್ತಿ ನೋಡುವುದನ್ನೂ ಬಿಟ್ಟಿದ್ದೀರಾ ಎಂದು ಕೇಳಬೇಕೆನಿಸಿತು. ಹಾಗೆ ನೋಡಿದರೆ ಹಳೆಯ ಕೈ ಎಂದು ಗೊತ್ತಾಗಿಬಿಡುತ್ತದೆ. ನೋಡದಿದ್ದರೆ, ಎಲ್ಲೋ ಮೇಲಿನ ಮಹಡಿಯಲ್ಲಿ ಮಲಗಿರುವ ಯಾರಿಗೋ ಸೋಂಕು. ಕೇಳಲಿಲ್ಲ.

ಅವರು ಅಲ್ಲಿ ಸೇರಿ ಈಗ ಏಳು ತಿಂಗಳು. ದಿನಾ ಒಂದೇ ಬಸ್ಸಿಗೆ ಹೋಗುತ್ತಾರೆ, ಒಂದೇ ಬಸ್ಸಿಗೆ ಬರುತ್ತಾರೆ. ಅಣ್ಣ ಮತ್ತೆ ನನ್ನೊಡನೆ ಮಾತಾಡುತ್ತಾನೆ, ಮೊದಲಿಗಿಂತ ಕಡಿಮೆ. ಅತ್ತಿಗೆ ನನ್ನನ್ನು ಕ್ಷಮಿಸಿದ್ದಾರೋ, ಕ್ಷಮಿಸುವಂಥದ್ದು ಏನೂ ಇಲ್ಲವೆಂದುಕೊಂಡಿದ್ದಾರೋ, ಅಥವಾ ಒಂದೇ ಮನೆಯಲ್ಲಿರಬೇಕಲ್ಲ ಎಂದು ಸುಮ್ಮನಿದ್ದಾರೋ, ನನಗೆ ಗೊತ್ತಿಲ್ಲ.