ಯಂತ್ರ ಚಾಲನೆಯಲ್ಲಿದೆ

ಮೊದಲು ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯಬೇಕು ಎಂದಿತ್ತು. ಹೊಸ ಫಿಲ್ಟರಿನ ಜೊತೆ ಬಂದ ಚೀಟಿಯಲ್ಲಿ ಅದೇ ಮೊದಲನೆಯ ಸಾಲು. ಅವನು ಓದಿದ, ಇನ್ನೊಮ್ಮೆ ಓದಿದ, ಮಗಳ ಮಂಚದ ಪಕ್ಕ ಮೊಣಕಾಲೂರಿಕೊಂಡು ಹಾಗೇ ಕೂತುಬಿಟ್ಟ.

ಎದುರಿಗೆ ಗಾಳಿ ಶುದ್ಧ ಮಾಡುವ ಯಂತ್ರ ಬೆನ್ನು ತೆರೆದುಕೊಂಡು ನಿಂತಿತ್ತು. ಅದರೊಳಗಿಂದ ಆಗಷ್ಟೇ ತೆಗೆದ ಹಳೆಯ ಫಿಲ್ಟರು ಪತ್ರಿಕೆಯ ಹಾಳೆಯ ಮೇಲೆ ಬಿದ್ದಿತ್ತು. ಒಂದು ವರ್ಷ ದುಡಿದು ಬಾಣಲೆಯ ತಳದಷ್ಟು ಕಪ್ಪಾಗಿತ್ತು. ಹೆಂಡತಿ ಬಗ್ಗಿ ನೋಡಿ, ಇಷ್ಟೂ ಮಗುವಿನ ಎದೆಗೆ ಹೋಗಬೇಕಾಗಿದ್ದು ಎಂದಳು. ಅವಳ ದನಿಯಲ್ಲಿ ಭಯಕ್ಕಿಂತ ಹೆಮ್ಮೆ ಹೆಚ್ಚಾಗಿತ್ತು. ಮಗಳಿಗೆ ಉಬ್ಬಸ ಇಳಿದದ್ದು ಈ ಯಂತ್ರದಿಂದ ಎಂಬುದು ಅವಳ ದೃಢ ನಂಬಿಕೆ. ಯಂತ್ರ ಬೇಕೆಂದು ಹಟ ಹಿಡಿದವಳೂ ಅವಳೇ.

"ಮೊದಲನೇ ಫಿಲ್ಟರಿಗೂ ಪ್ಲಾಸ್ಟಿಕ್ ಸುತ್ತಿತ್ತಾ?" ಎಂದು ಕೇಳಿದ.

"ಸುತ್ತಿರ್ತಾರಲ್ಲ. ನಾನೇ ಬಿಚ್ಚಿದ್ದೆ. ನೀವು ತಂದು ಪ್ಲಗ್ ಹಾಕಿದ್ರಿ, ಅಷ್ಟೇ."

"ಯಂತ್ರದ ಒಳಗೇ ಇರುತ್ತಾ?"

"ಒಳಗೇ. ಹಿಂದಿನ ಮುಚ್ಚಳ ತೆಗೀದೆ ಗೊತ್ತೇ ಆಗಲ್ಲ. ಯಾಕೆ?"

"ಸುಮ್ಮನೆ ಕೇಳಿದೆ."

ಅವನಿಗೆ ಆಫೀಸಿನ ಯಂತ್ರ ನೆನಪಾಗಿತ್ತು. ಮೂರು ವರ್ಷದ ಹಿಂದೆ ಆಫೀಸಿನ ನೆಲಮಾಳಿಗೆಯಲ್ಲಿ ಇಂಥದ್ದೇ ಒಂದು ಯಂತ್ರವನ್ನು ಪೆಟ್ಟಿಗೆಯಿಂದ ಎತ್ತಿ, ದಾಖಲೆ ಕೋಣೆಯ ಮೂಲೆಯಲ್ಲಿಟ್ಟು, ಪ್ಲಗ್ ಹಾಕಿ, ಹಸಿರು ದೀಪ ಹತ್ತಿದ್ದನ್ನು ನೋಡಿ ಮೇಲೆ ಬಂದಿದ್ದ. ಹಿಂದಿನ ಮುಚ್ಚಳ ತೆಗೆದ ನೆನಪು ಎಷ್ಟು ಕೆದಕಿದರೂ ಸಿಗಲಿಲ್ಲ. ಅದಕ್ಕೊಂದು ಮುಚ್ಚಳ ಇದೆ ಎಂಬುದೇ ಅವನಿಗೆ ಈವತ್ತು ಬೆಳಿಗ್ಗೆ ತಿಳಿದದ್ದು.

ಮತ್ತು ಈವತ್ತು ಮೂರು ಗಂಟೆಗೆ ಸಭೆ ಇತ್ತು.

ಅವನು ಆ ಆಫೀಸಿನ ಆಡಳಿತಾಧಿಕಾರಿ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಪದಕ ಪಡೆದವನು. ಆ ವಿದ್ಯೆಯನ್ನೆಲ್ಲ ಈಗ ಕಡತಗಳ ಮೇಲೆ ಟಿಪ್ಪಣಿ ಬರೆಯುವುದಕ್ಕೆ ಖರ್ಚು ಮಾಡುತ್ತಿದ್ದ. ಅವನ ಟಿಪ್ಪಣಿಗಳಲ್ಲಿ ತಪ್ಪು ಹುಡುಕುವುದು ಕಷ್ಟ ಎಂದು ನಿರ್ದೇಶಕರೇ ಹೇಳಿದ್ದುಂಟು. ದಾಖಲೆ ಕೋಣೆಯ ಮೇಡಂ ಮೂರು ವರ್ಷದಲ್ಲಿ ಹನ್ನೊಂದು ಅರ್ಜಿ ಕೊಟ್ಟಿದ್ದರು. ಕೋಣೆಗೆ ಕಿಟಕಿಯಿಲ್ಲ, ನಕಲು ಯಂತ್ರದ ಪುಡಿ, ಹಳೆಯ ಕಾಗದದ ಧೂಳು, ಗೋಡೆಯ ಬೂಷ್ಟು, ಉಸಿರು ಕಟ್ಟುತ್ತದೆ, ಮೇಲಿನ ಯಾವುದಾದರೂ ಕೋಣೆಗೆ ಹಾಕಿ. ಒಂದೊಂದಕ್ಕೂ ಅವನು ತಪ್ಪದೆ ಉತ್ತರ ಬರೆದಿದ್ದ. "ಗಾಳಿ ಶುದ್ಧೀಕರಣ ಯಂತ್ರವನ್ನು ಒದಗಿಸಲಾಗಿದೆ. ಯಂತ್ರ ಚಾಲನೆಯಲ್ಲಿದೆ. ಅರ್ಜಿದಾರರ ತೊಂದರೆ ಬಹುಮಟ್ಟಿಗೆ ಮಾನಸಿಕವೆಂದು ತೋರುತ್ತದೆ." ಕೊನೆಯ ವಾಕ್ಯ ಬರೆದಾಗ ಅವನಿಗೆ ಒಂದು ಬಗೆಯ ಖುಷಿಯೂ ಆಗಿತ್ತು.

ಆಫೀಸಿನವರು ಆಕೆಗೆ ಗಾಳಿಯಮ್ಮ ಎಂದು ಹೆಸರಿಟ್ಟಿದ್ದರು. ಆಕೆ ಲಿಫ್ಟಿಗೆ ಬಂದರೆ ಯಾರಾದರೂ ಒಬ್ಬರು ಮುಖದ ಮುಂದೆ ಕೈ ಬೀಸಿಕೊಂಡು ನಗಿಸುತ್ತಿದ್ದರು. ಅವನು ನಗುತ್ತಿರಲಿಲ್ಲ. ಬೇರೆಡೆ ನೋಡುತ್ತಿದ್ದ.

ಸಭೆ ನಡೆಯುವುದು ಆಕೆಯ ವಿಷಯಕ್ಕೇ. ಯಂತ್ರ ಇದ್ದೂ ಕೋಣೆ ಕೆಟ್ಟದ್ದೇ ಎಂದಾದರೆ ದಾಖಲೆ ವಿಭಾಗವನ್ನು ಮೂರನೆಯ ಮಹಡಿಗೆ ಸಾಗಿಸಬೇಕು. ಕೋಣೆ ಸರಿಯಿದೆ, ದೋಷ ಆಕೆಯ ಮನಸ್ಸಿನದು ಎಂದಾದರೆ ಅನಾರೋಗ್ಯದ ಮೇಲೆ ನಿವೃತ್ತಿ ಕೊಟ್ಟು ಆಕೆಯನ್ನು ಮನೆಗೆ ಕಳಿಸಬೇಕು. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದವರು. ಮದುವೆಯಾಗಿರಲಿಲ್ಲ. ಅಕ್ಕನ ಮನೆಯಲ್ಲಿ ಒಂದು ಕೋಣೆ ಬಿಟ್ಟರೆ ಆಕೆಗೆ ಇದ್ದದ್ದು ಈ ದಾಖಲೆ ಕೋಣೆಯೇ. ಯಾವ ಕಡತ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು.

ದಾರಿಯುದ್ದಕ್ಕೂ ಅವನು ಒಂದು ವಾಕ್ಯವನ್ನು ಹೊಂದಿಸುತ್ತ ಬಂದ. ಯಂತ್ರವನ್ನು ಅಳವಡಿಸುವಾಗ ಒಂದು ಸಣ್ಣ ಅಚಾತುರ್ಯ ನಡೆದಿರುವುದು ಗಮನಕ್ಕೆ ಬಂದಿದೆ. ಒಳ್ಳೆಯ ವಾಕ್ಯ. ಅದರಲ್ಲಿ ಅಚಾತುರ್ಯ ಇತ್ತು, ಗಮನ ಇತ್ತು, ಅವನು ಮಾತ್ರ ಎಲ್ಲೂ ಇರಲಿಲ್ಲ. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಅದನ್ನೇ ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದ.

ಆಫೀಸು ಮುಟ್ಟಿದವನೇ ನೆಲಮಾಳಿಗೆಗೆ ಇಳಿದ. ಆಕೆ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಮೇಜಿನ ಮೇಲೆ ಉಸಿರಿನ ಪಂಪು, ನೀರಿನ ಬಾಟಲಿ, ಅಂಚು ಹರಿದ ಕಡತಗಳಿಗೆ ಅಂಟಿಸಲು ಕತ್ತರಿಸಿಟ್ಟ ಕಾಗದದ ಪಟ್ಟಿಗಳು. ಸಭೆಯ ದಿನವೂ ಆಕೆ ಹರಿದ ಕಡತ ರಿಪೇರಿ ಮಾಡುತ್ತಿದ್ದುದನ್ನು ಕಂಡು ಅವನಿಗೆ ಯಾಕೋ ಕಿರಿಕಿರಿಯಾಯಿತು. ಮೇಲೆ ಸಿಬ್ಬಂದಿ ವಿಭಾಗದಲ್ಲಿ ಒಂದು ಸಹಿ ಬಾಕಿಯಿದೆಯಂತೆ, ಹೋಗಿ ಬನ್ನಿ ಎಂದ. ಯಾವ ಸಹಿಯೂ ಬಾಕಿಯಿರಲಿಲ್ಲ. ಆಕೆ ಎದ್ದು, ಮೆಟ್ಟಿಲ ಬಳಿ ಒಮ್ಮೆ ನಿಂತು ಸುಧಾರಿಸಿಕೊಂಡು, ಹತ್ತಿ ಹೋದರು.

ಅವನು ಯಂತ್ರವನ್ನು ಗೋಡೆಯಿಂದ ಈಚೆ ಎಳೆದು ಮುಚ್ಚಳ ತೆಗೆದ.

ಫಿಲ್ಟರು ಪ್ಲಾಸ್ಟಿಕ್ಕಿನೊಳಗೆ ಹಾಲಿನಷ್ಟು ಬೆಳ್ಳಗಿತ್ತು. ಕಾರ್ಖಾನೆಯ ಚೀಟಿ ಕೂಡ ಸುಕ್ಕಾಗಿರಲಿಲ್ಲ. ಮೂರು ವರ್ಷ ಫ್ಯಾನು ತಿರುಗಿತ್ತು, ದೀಪ ಉರಿದಿತ್ತು, ಕೋಣೆಯ ಗಾಳಿ ಆ ಹೊದಿಕೆಯನ್ನು ಸುತ್ತಿ, ಬಂದ ಹಾಗೇ ವಾಪಸು ಹೋಗಿತ್ತು. ವರ್ಷಕ್ಕೊಮ್ಮೆ ಫಿಲ್ಟರು ಬದಲಿಸಿ ಎಂದು ಕೆಂಪು ದೀಪ ಹತ್ತಿದಾಗ, ಗುಂಡಿಯನ್ನು ಹತ್ತೆಣಿಸುವವರೆಗೆ ಒತ್ತಿ ಹಿಡಿದರೆ ಅದು ಆರುತ್ತದೆ ಎಂದು ಆಕೆಗೆ ಹೇಳಿಕೊಟ್ಟವನೂ ಅವನೇ.

ನಾಚಿಕೆಯಾಯಿತು. ಮುಖ, ಕಿವಿ ಎಲ್ಲ ಬಿಸಿಯಾಗುವಷ್ಟು ನಾಚಿಕೆ. ಅದರ ಬೆನ್ನಿಗೇ, ಯಾರೂ ನೋಡಲಿಲ್ಲ ಎನ್ನುವ ಸಮಾಧಾನ. ಎರಡರಲ್ಲಿ ಯಾವುದು ತನ್ನದು ಎಂದು ಯೋಚಿಸುವಷ್ಟರಲ್ಲಿ ಕೈ ಪ್ಲಾಸ್ಟಿಕ್ಕನ್ನು ಹರಿದಾಗಿತ್ತು. ಆ ಸಪ್ಪಳಕ್ಕೆ ಅವನೇ ಬೆಚ್ಚಿಬಿದ್ದ. ಹೊದಿಕೆಯನ್ನು ಮಡಚಿ ಮಡಚಿ ಊಟದ ಚೀಲದೊಳಗೆ ತುರುಕಿದ, ಫಿಲ್ಟರನ್ನು ಸ್ವಸ್ಥಾನದಲ್ಲಿ ಕೂರಿಸಿ ಯಂತ್ರವನ್ನು ಮೂಲೆಗೆ ತಳ್ಳಿದ. ಯಂತ್ರದ ಸದ್ದು ಬದಲಾಗಿತ್ತು. ಈಗ ಅದು ನಿಜವಾಗಿ ಗಾಳಿ ಎಳೆಯುತ್ತಿತ್ತು.

ಹನ್ನೆರಡಕ್ಕೆ ಹೆಂಡತಿ ಫೋನು ಮಾಡಿದಳು. ಮಗಳು ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾಳೆ, ಹೊಸ ಫಿಲ್ಟರು ಬಂತಲ್ಲ ಎಂದಳು. ಮತ್ತೆ, ಬೆಳಿಗ್ಗೆ ಯಾಕೆ ಹಾಗೆ ಕೇಳಿದ್ರಿ ಎಂದಳು. ಕೆಲಸ ಇದೆ, ಆಮೇಲೆ ಹೇಳ್ತೀನಿ ಎಂದು ಇಟ್ಟುಬಿಟ್ಟ. ಅವಳಿಗೆ ಹೇಳಬಹುದಿತ್ತು. ಹೇಳಿದರೆ ಅವಳು, ಈಗಲೇ ಹೋಗಿ ನಿರ್ದೇಶಕರಿಗೆ ಹೇಳಿ ಎನ್ನುವವಳು. ಅದು ಗೊತ್ತಿದ್ದುದರಿಂದಲೇ ಹೇಳಲಿಲ್ಲ.

ಮೂರು ಗಂಟೆಗೆ ನಿರ್ದೇಶಕರ ಕೋಣೆಯಲ್ಲಿ ನಾಲ್ಕು ಜನ ಕೂತರು. ನಿರ್ದೇಶಕರು, ಆಫೀಸಿನ ಡಾಕ್ಟರು, ಅವನು, ಮತ್ತು ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ದಾಖಲೆಯ ಮೇಡಂ. ಡಾಕ್ಟರು ಒಂದು ಹಾಳೆ ನೋಡುತ್ತ, ಉಸಿರಿನ ಶಕ್ತಿ ಸ್ವಲ್ಪ ಕಡಿಮೆ, ಆದರೆ ಕಾರಣ ಹೀಗೇ ಎಂದು ಹೇಳಲಾಗದು, ಕೋಣೆ ಹೇಗಿದೆ ಎಂಬುದರ ಮೇಲೆ ಹೋಗುತ್ತದೆ ಎಂದರು. ಎಲ್ಲರೂ ಅವನ ಕಡೆ ತಿರುಗಿದರು.

"ಯಂತ್ರ ಸರಿಯಿದೆಯೇನ್ರಿ?" ಎಂದರು ನಿರ್ದೇಶಕರು.

ವಾಕ್ಯ ಸಿದ್ಧವಿತ್ತು. ಒಂದು ಸಣ್ಣ ಅಚಾತುರ್ಯ.

"ಚಾಲನೆಯಲ್ಲಿದೆ ಸಾರ್. ಈವತ್ತು ಬೆಳಿಗ್ಗೆ ಕೂಡ ನೋಡಿದೆ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಕೆ ಈಗ ಸಿಡಿದೇಳಬಹುದು, ಕೆಳಗೆ ಬಂದು ನೋಡಿ ಎನ್ನಬಹುದು, ಹಾಗಾದರೆ ಒಳ್ಳೆಯದು, ಆಗ ತಾನೂ ಬಾಯಿ ಬಿಡಬಹುದು ಎಂದು ಕಾದ. ಡಾಕ್ಟರು ಆಕೆಯನ್ನು, ಈವತ್ತು ಹೇಗಿದೆ ಎಂದು ಕೇಳಿದರು. ಆಕೆ ತಡವರಿಸಿದರು.

"ಈವತ್ತು ಚೆನ್ನಾಗಿದೆ ಡಾಕ್ಟ್ರೇ. ಯಾಕೋ ಗೊತ್ತಿಲ್ಲ. ಹನ್ನೊಂದು ಗಂಟೆಯಿಂದ ಒಂದ್ಸಲಾನೂ ಪಂಪ್ ತಗೊಂಡಿಲ್ಲ."

ಸುಳ್ಳು ಹೇಳುವುದು ಆಕೆಗೆ ಬರುತ್ತಿರಲಿಲ್ಲ. ಡಾಕ್ಟರು ಹಾಳೆಯನ್ನು ಮೇಜಿನ ಮೇಲಿಟ್ಟು ನಿರ್ದೇಶಕರ ಮುಖ ನೋಡಿದರು. ಅದೇ ಕೋಣೆ, ಅದೇ ಯಂತ್ರ. ಸಭೆ ಎಂದ ತಕ್ಷಣ ಉಸಿರು ಸರಾಗವಾಯಿತು ಎಂದಾದರೆ ಇದು ಎಲ್ಲಿಯ ಕಾಯಿಲೆ ಎಂದು ಮೃದುವಾಗಿಯೇ ವಿವರಿಸಿದರು. ಹೀಗೆ ಆಗುವುದುಂಟು, ನಾಚಿಕೆಪಡುವಂಥದ್ದೇನಲ್ಲ, ವಿಶ್ರಾಂತಿ ಬೇಕು, ಅಷ್ಟೇ ಎಂದರು. ಆಕೆ ತಲೆಯಾಡಿಸುತ್ತ ಕೇಳಿದರು. ಅವನು ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಮೇಲಿನಿಂದ ಕೆಳಗೆ ಓದುತ್ತ ಕೂತಿದ್ದ. ಒಮ್ಮೆ ಆಕೆ ಅವನತ್ತ ನೋಡಿದ್ದು ಗೊತ್ತಾಯಿತು.

ನಿವೃತ್ತಿಯ ಕಾಗದ ಮೊದಲೇ ಟೈಪಾಗಿತ್ತು. ಟೈಪು ಮಾಡಿಸಿದವನು ಅವನೇ. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವನೂ ಅವನೇ.

ಹೊರಗೆ ಮೊಗಸಾಲೆಯಲ್ಲಿ ಆಕೆ ನಿಂತು ಅವನಿಗಾಗಿ ಕಾದರು.

"ಹನ್ನೊಂದು ಅರ್ಜಿ ಕೊಟ್ಟೆ ಸಾರ್. ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ."

"ಹಾಗೇನಿಲ್ಲ ಬಿಡಿ."

"ಇಲ್ಲ, ನೀವು ಮೊದಲೇ ಬರೆದಿದ್ರಿ, ಮಾನಸಿಕ ಅಂತ. ನಾನೇ ಒಪ್ಪಲಿಲ್ಲ. ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ. ಈವತ್ತು ನನಗೇ ಗೊತ್ತಾಯ್ತಲ್ಲ."

ಅವನು ಏನೋ ಹೇಳಲು ಹೋದ. ಹುಷಾರಾಗಿರಿ ಎಂಬ ಮಾತು ಹೊರಬಂತು. ಆಕೆ ಕೈಮುಗಿದು, ಉಳಿದ ಸಾಮಾನು ಅಕ್ಕನ ಮಗ ಬಂದು ಒಯ್ಯುತ್ತಾನೆ ಎಂದು ಹೇಳಿ ಹೋದರು. ತನ್ನ ಎದೆಯ ಮೇಲೇ ನಂಬಿಕೆ ಕಳೆದುಕೊಂಡ ಹೆಂಗಸು ಗೇಟಿನವರೆಗೆ ಸಲೀಸಾಗಿ ನಡೆದುಹೋಗುವುದನ್ನು ಅವನು ಕಿಟಕಿಯಿಂದ ನೋಡಿದ. ಕೂಗಿ ಕರೆದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದರು.

ನಾಲ್ಕೂವರೆಗೆ ನಿರ್ದೇಶಕರು ಮತ್ತೆ ಕರೆಸಿದರು. ಕೆಳಗಿನ ಕೋಣೆ ಇನ್ನು ಖಾಲಿಯಲ್ಲವೇ, ಆ ಯಂತ್ರ ಅಲ್ಲೇಕೆ, ನನ್ನ ಕೋಣೆಗೆ ತರಿಸಿ ಎಂದರು. ಯಂತ್ರ ಮಾರಿದ ಕಂಪನಿಯ ಮೆಕ್ಯಾನಿಕ್‌ಗೆ ಆಗಲೇ ಹೇಳಿಯಾಗಿತ್ತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ನಿರ್ದೇಶಕರ ಎದುರಿಗೇ ಬಿಚ್ಚಿ, ತೊಳೆದು ಕೊಡುತ್ತಾನೆ. "ಮೂರು ವರ್ಷದ ಕೊಳೆ ಎಷ್ಟಿರುತ್ತೆ ನೋಡೋಣ," ಎಂದು ನಕ್ಕರು.

ಅವನೂ ನಕ್ಕ. ಬಾಗಿಲು ದಾಟುವಾಗ ಲೆಕ್ಕ ಹಾಕಿದ.

ಆ ಫಿಲ್ಟರಿಗೆ ವಯಸ್ಸು ಒಂದು ದಿನ. ಯಾವ ಮೆಕ್ಯಾನಿಕ್ಕಿಗೂ ಅದನ್ನು ನೋಡಿದೊಡನೆ ಗೊತ್ತಾಗುತ್ತದೆ. ಮೂರು ವರ್ಷದಲ್ಲಿ ಹೊಸ ಫಿಲ್ಟರು ತರಿಸಿದ ಒಂದು ಬಿಲ್ಲೂ ಕಡತದಲ್ಲಿಲ್ಲ. ಡಾಕ್ಟರನ್ನು ಮತ್ತೆ ಕರೆಯುತ್ತಾರೆ. ಈವತ್ತು ಬೆಳಿಗ್ಗೆ ಕೂಡ ನೋಡಿದೆ ಎಂದಿರಲ್ಲ, ಏನು ನೋಡಿದಿರಿ ಎಂದು ಕೇಳುತ್ತಾರೆ.

ಐದೂವರೆಗೆ ಆಫೀಸು ಖಾಲಿಯಾದ ಮೇಲೆ ಅವನು ನೆಲಮಾಳಿಗೆಗೆ ಇಳಿದು ಒಳಗಿನಿಂದ ಚಿಲಕ ಹಾಕಿಕೊಂಡ. ಕೋಟು ಕಳಚಿ ಫಿಲ್ಟರನ್ನು ಹೊರತೆಗೆದ. ಹಿಂದಿನ ಕಪಾಟಿನಿಂದ ಯಾರೂ ಮುಟ್ಟದ ಹಳೆಯ ಕಡತಗಳನ್ನು ಎಳೆದು ಅದರ ಮೇಲೆ ಬಡಿಯತೊಡಗಿದ. ಧೂಳು ಎದ್ದಿತು. ಎದ್ದ ಧೂಳು ಟ್ಯೂಬ್‌ಲೈಟಿನ ಕೆಳಗೆ ತೇಲಾಡಿತು, ಅವನ ತೋಳಿಗೆ, ಹುಬ್ಬಿಗೆ, ತುಟಿಗೆ ಅಂಟಿತು. ಫಿಲ್ಟರಿನ ಮೇಲೆ ಮಾತ್ರ ನಿಲ್ಲಲಿಲ್ಲ. ಎತ್ತಿ ಹಿಡಿದರೆ ಉದುರಿಹೋಗುತ್ತಿತ್ತು. ನಕಲು ಯಂತ್ರದ ಕರಿಪುಡಿ ಸುರಿದು ಉಜ್ಜಿ ನೋಡಿದ. ಒಂದು ಮೂಲೆಯಲ್ಲಿ ಬೆರಳಿನ ಗುರುತು ಮೂಡಿತು, ಯಾರೋ ಬೇಕೆಂದೇ ಬಳಿದ ಹಾಗೆ. ಅದನ್ನು ಅಳಿಸಲು ಹೋದರೆ ಗುರುತು ಇನ್ನಷ್ಟು ಹರಡಿತು.

ಇದು ಹೊರಗಿನಿಂದ ಬಳಿಯುವ ಕಪ್ಪಲ್ಲ, ಒಳಗೆ ಎಳೆದುಕೊಂಡೇ ಬರಬೇಕು ಎಂದು ಹೊಳೆಯಿತು. ಫಿಲ್ಟರನ್ನು ಯಂತ್ರದೊಳಗೆ ಕೂರಿಸಿ, ಫ್ಯಾನನ್ನು ಅತಿ ಜೋರಿಗೆ ತಿರುಗಿಸಿ, ಎರಡೂ ಕೈಯಲ್ಲಿ ಕಡತ ಹಿಡಿದು ಮತ್ತೆ ಬಡಿಯತೊಡಗಿದ. ಯಂತ್ರ ಮೊದಲ ಸಲ ಮೈತುಂಬ ಕೆಲಸ ಸಿಕ್ಕಂತೆ ಮೊರೆಯಿತು. ಗಂಟಲು ಕೆರೆಯಿತು, ಕಣ್ಣಲ್ಲಿ ನೀರು ಬಂತು, ಕೆಮ್ಮು ಶುರುವಾಗಿ ನಿಲ್ಲದಾಯಿತು. ನಿಂತಿರಲಾರದೆ ಆಕೆಯ ಕುರ್ಚಿಯಲ್ಲಿ ಕುಸಿದು ಕೂತ.

ಸ್ವಲ್ಪ ಹೊತ್ತಿಗೊಮ್ಮೆ ಎದ್ದು ಮುಚ್ಚಳ ತೆಗೆದು ನೋಡುತ್ತಿದ್ದ. ಬೆಳ್ಳಗೇ ಇತ್ತು. ಮತ್ತೆ ಮುಚ್ಚುತ್ತಿದ್ದ, ಇನ್ನೊಂದು ಕಡತ ಎತ್ತಿಕೊಂಡು ಬಡಿಯುತ್ತಿದ್ದ, ಬಂದು ಕೂರುತ್ತಿದ್ದ. ಬಾಯಿ ತೆರೆದುಕೊಂಡು, ಒಂದೊಂದೇ ಉಸಿರನ್ನು ಎಳೆದು ತೆಗೆಯುತ್ತ, ಅದು ಕಪ್ಪಾಗುವುದನ್ನು ಕಾಯುತ್ತಿದ್ದ.