ಬಾಯಿಪಾಠದ ಫಲಕ

"ಪೂರ್ತಿ ಓದಿದ ಮೇಲೆ ಮಾತಾಡಬೇಕು. ನಡುವೆ ಹೂಂ ಹೂಂ ಅನ್ನಬಾರದು," ಎಂದು ಮಗಳು ಎರಡು ಹಾಳೆಗಳನ್ನು ಅಂಗಡಿಯ ಮೇಜಿನ ಮೇಲಿಟ್ಟಾಗ, ಕನ್ನಡಕದವನು ಆಗತಾನೇ ಅಂಚು ಉಜ್ಜಿದ ಮಸೂರವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಗೀರು ಹುಡುಕುತ್ತಿದ್ದ.

"ಹೂಂ," ಎಂದ.

"ನೋಡಮ್ಮ, ಶುರುವಾಯ್ತು!"

ಮೋಟು ಸ್ಟೂಲಿನ ಮೇಲೆ ಕುಳಿತಿದ್ದ ಅವನ ಹೆಂಡತಿ, ಸಾಸಿವೆಗಿಂತ ಚಿಕ್ಕ ತಿರುಪೊಂದನ್ನು ತುಟಿಯಲ್ಲಿ ಕಚ್ಚಿಕೊಂಡೇ ನಕ್ಕಳು. ಕನ್ನಡಕದ ಚೌಕಟ್ಟಿಗೆ ತಿರುಪು ಕೂರಿಸುವ ಕೆಲಸ ಅವಳದು. ಇಪ್ಪತ್ತು ವರ್ಷದ ಅಭ್ಯಾಸ. ಬೀದಿಯ ಕಡೆಗೆ ಮುಖ ಮಾಡಿಕೊಂಡು ಬೆರಳಿನಿಂದಲೇ ತಡವಿ ಕೂರಿಸುತ್ತಿದ್ದಳು. "ಒಳ್ಳೆಯದಕ್ಕೊಂದು ಹಾಳೆ, ಕೆಟ್ಟದ್ದಕ್ಕೊಂದು ಹಾಳೆಯಂತೆ. ಕೆಟ್ಟದ್ದು ಹಿಂಬದಿಗೂ ಹರಿದಿದೆ, ಓದಿ."

ವಿಷಯ ಇಷ್ಟು. ಮೂರು ಗಂಟೆಯ ಬಸ್ಸಿನ ದಾರಿಯಾಚೆ, ಮಹಾನಗರದ ನಟ್ಟನಡುವೆ, ನಲವತ್ತು ಸಾವಿರ ಜನ ಓದುವ ವಿಶ್ವವಿದ್ಯಾಲಯವೊಂದು ಮಗಳಿಗೆ ಭೂವಿಜ್ಞಾನದಲ್ಲಿ, ಅಂದರೆ ಕಲ್ಲುಮಣ್ಣಿನ ಓದಿನಲ್ಲಿ, ಸೀಟು ಕೊಟ್ಟಿತ್ತು. ಮೊನ್ನೆ ತಾಯಿ ಮಗಳು ಹೋಗಿ ನೋಡಿಯೂ ಬಂದಿದ್ದರು. ನಾಳೆ ಸಂಜೆ ಐದರೊಳಗೆ ಖುದ್ದಾಗಿ ಹೋಗಿ ಸಹಿ ಹಾಕಬೇಕು. ತಪ್ಪಿದರೆ ಅದು ಮುಂದಿನವರ ಪಾಲು. ಊರಿನ ಕಾಲೇಜಾದರೆ ಅಂಗಡಿಯಿಂದ ಹತ್ತು ನಿಮಿಷದ ನಡಿಗೆ. ತರಗತಿಗೆ ನಲವತ್ತು ಮಂದಿ. ಅಲ್ಲಿ ಕಲ್ಲುಮಣ್ಣಿನ ಓದು ಇಲ್ಲ, ಸಾಮಾನ್ಯ ವಿಜ್ಞಾನ ಉಂಟು. ಅಲ್ಲಿಯ ಎಂಟು ಮಂದಿ ಅಧ್ಯಾಪಕರ ಹದಿನಾರು ಕಣ್ಣುಗಳ ನಂಬರೂ ಕನ್ನಡಕದವನಿಗೆ ಗೊತ್ತು. ಮಧ್ಯಾಹ್ನದ ಊಟಕ್ಕೆ ಮಗಳು ಮನೆಗೇ ಬರುತ್ತಾಳೆ. ಸಂಜೆ ಎಂದಿನಂತೆ ಮಸೂರ ಉಜ್ಜುವ ಸಾಣೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತ, ಸುದ್ದಿಗೊಂದು ಕೊಂಕು ಸೇರಿಸುತ್ತಾಳೆ. ಆ ಕುರ್ಚಿ ಖಾಲಿಯಾಗುವುದು ಅವನಿಗೆ ಬೇಕಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳುವವನೂ ಅಲ್ಲ. "ನಿನ್ನಿಷ್ಟ ಕಣಮ್ಮ" ಎಂದು ದೊಡ್ಡ ಮನಸ್ಸು ತೋರಿಸಿ, ವಾರದಿಂದ ಒಳಗೊಳಗೇ ಉಸಿರು ಬಿಗಿಹಿಡಿದಿದ್ದ.

ಒಳ್ಳೆಯದರ ಹಾಳೆ ಗಿಡ್ಡದಾಗಿತ್ತು. ಏಳು ಅಂತಸ್ತಿನ ಗ್ರಂಥಾಲಯ. ಕೈಗೆತ್ತಿಕೊಂಡು ನೋಡಬಹುದಾದ ಹನ್ನೆರಡು ಸಾವಿರ ಕಲ್ಲುಗಳು. 'ಅಲ್ಲಿ ಓಡಾಡುವವರೆಲ್ಲ ಯಾವುದೋ ಪುಸ್ತಕದ ಬಗ್ಗೆ ಜಗಳವಾಡುತ್ತ ಓಡಾಡುತ್ತಾರೆ. ಕೇಳಲು ಚೆನ್ನಾಗಿದೆ.'

ಎರಡನೆಯ ಹಾಳೆಗೆ ಬಂದಾಗ ಅವನ ಹೊಟ್ಟೆ ತಣ್ಣಗಾಗತೊಡಗಿತು. 'ಮುನ್ನೂರು ಜನರ ತರಗತಿ. ಹಿಂದೆ ಕುಳಿತರೆ ಪಾಠ ಮಾಡುವವರು ಯಾರಾದರೂ ಒಂದೇ. ದೊಡ್ಡ ಊರಿನ ಜನಕ್ಕೆ ಮುಖವೇ ಇಲ್ಲ.' ಎಷ್ಟು ಚೆನ್ನಾಗಿ ಹೇಳಿದ್ದಾಳೆ, ಎಂದುಕೊಂಡ. 'ಕಟ್ಟಡದ ಹೆಸರು ಹತ್ತಿರ ಹೋಗುವವರೆಗೂ ತಿಳಿಯುವುದಿಲ್ಲ. ಎರಡು ಸಲ ತಪ್ಪು ಬಾಗಿಲಿಗೆ ಹೋದೆ. ದೂರದಿಂದ ಯಾರೋ ಕೈ ಬೀಸಿದರು. ನನಗೋ ಬೇರೆಯವರಿಗೋ ತಿಳಿಯದೆ ಸುಮ್ಮನಿದ್ದೆ. ಜಂಬದವಳು ಅಂದುಕೊಂಡಿರಬೇಕು. ಕೋಣೆಗೆ ಮೂವರು. ಬಿದ್ದರೆ ಎತ್ತಲು ಗುರುತಿನವರಿಲ್ಲ.' ಹಾಳೆಯ ಹಿಂಬದಿಯಲ್ಲಿ, ಎರಡೆರಡು ಅಡಿಗೆರೆ ಎಳೆದು, 'ಅಧ್ಯಾಪಕರು ಒಂದು ಕಲ್ಲು ಎತ್ತಿ ಹಿಡಿದು ಇದಕ್ಕೆಷ್ಟು ಕೋಟಿ ವರ್ಷ ಎಂದರು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಯಾಕೆಂದು ನನಗೊಬ್ಬಳಿಗೆ ಗೊತ್ತಾಗಲಿಲ್ಲ. ಅಲ್ಲಿಯವರ ಚುರುಕು ನನಗಿಲ್ಲ' ಎಂದು ಬರೆದಿತ್ತು.

"ಹಾಗಾದರೆ ಹೋಗಲ್ಲ?"

"ಹೋಗಲ್ಲ. ಕಲ್ಲು ಎಲ್ಲೂ ಓಡಿಹೋಗಲ್ಲ ಬಿಡು," ಎಂದಳು ಮಗಳು. ಮಾತು ಹಗುರವಾಗಿಯೇ ಇತ್ತು. ಆದರೆ ಸೀಟಿನ ಪತ್ರವನ್ನು ಅವಳು ಮಡಚಿ, ಮತ್ತೆ ಮಡಚಿ, ಬೆರಳಗಲ ಮಾಡಿದ್ದಳು.

"ನೀನೂ ಜೊತೆಗೆ ಹೋಗಿದ್ದೆಯಲ್ಲ, ನಿನಗೇನು ಅನ್ನಿಸಿತು?" ಎಂದು ಅವನು ಹೆಂಡತಿಯನ್ನು ಕೇಳಿದ.

"ನನಗೆ ಚಪ್ಪಲಿ ಕಚ್ಚಿತ್ತು. ಹೊರಗಡೆ ಬೆಂಚಿನ ಮೇಲೇ ಕೂತಿದ್ದೆ. ಬೆಂಚು ಚೆನ್ನಾಗಿತ್ತು."

ಸಂತೋಷವನ್ನು ಇನ್ನೊಮ್ಮೆ ಸವಿಯಲೆಂದೇ ಕನ್ನಡಕದವನು ಎರಡನೆಯ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡ. 'ಹತ್ತಿರ ಹೋಗುವವರೆಗೂ' ಎಂಬಲ್ಲಿ ಅವನ ಕಣ್ಣು ನಿಂತಿತು. ಈ ಮಾತನ್ನು ಅವನು ಬಲ್ಲ. ಗಿರಾಕಿಗಳು ಹೇಳುವುದನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಅವರ ಮಾತಿನಲ್ಲೇ ಬರೆದಿಡುವುದು ಅವನ ಪದ್ಧತಿ. ಹತ್ತಿರ ಹೋಗುವವರೆಗೂ ಬಸ್ಸಿನ ನಂಬರು ತಿಳಿಯದು. ದೂರದವರ ಮುಖ ಗುರುತಾಗದು. ನೆಂಟರು ಜಂಬ ಎನ್ನುತ್ತಾರೆ. ಇಂಥವು ನೂರಾರು ಅವನದೇ ಕೈಬರಹದಲ್ಲಿದ್ದವು. ತಲೆಯೆತ್ತಿದ. ಮಗಳು ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದಳು, ಕಣ್ಣು ಕಿರಿದು ಮಾಡಿಕೊಂಡು. ಅದನ್ನು ಮನೆಯವರೆಲ್ಲ ಅಜ್ಜಿಯ ಗತ್ತು ಎಂದು ಹೆಮ್ಮೆಪಡುತ್ತಿದ್ದರು.

ಅವನು ಹಾಳೆಯನ್ನು ಕೆಳಗಿಟ್ಟು ಗೋಡೆಯ ಫಲಕದ ಕಡೆ ತಿರುಗಿದ.

ಕಣ್ಣು ಪರೀಕ್ಷೆಗೆ ಬೇಕಾದಷ್ಟು ಉದ್ದ ಅಂಗಡಿಗಿರಲಿಲ್ಲ. ಆದ್ದರಿಂದ ಅಕ್ಷರಗಳ ಫಲಕ ಪರೀಕ್ಷೆಯ ಕುರ್ಚಿಯ ಹಿಂದಿನ ಗೋಡೆಯಲ್ಲಿದ್ದು, ಗಿರಾಕಿ ಅದನ್ನು ಎದುರಿನ ಕನ್ನಡಿಯಲ್ಲಿ ನೋಡಿ ಓದಬೇಕು. ಹೀಗಾಗಿ ಅದರ ಅಕ್ಷರಗಳೆಲ್ಲ ತಿರುಗುಮುರುಗು. ಮಗಳು ಅಕ್ಷರ ಕಲಿತದ್ದೇ ಆ ಫಲಕದಿಂದ. ಶಾಲೆಗೆ ಸೇರಿದ ಮೊದಲ ವಾರ ಅವಳು ಎಲ್ಲವನ್ನೂ ಹಿಂದುಮುಂದಾಗಿ ಬರೆದದ್ದನ್ನು ಕಂಡು ಮೇಡಂ ಗಾಬರಿಯಾಗಿ ಮನೆಗೆ ಹೇಳಿಕಳಿಸಿದ್ದು ಬೀದಿಗೆಲ್ಲ ತಮಾಷೆಯ ಕಥೆಯಾಗಿತ್ತು. ಆಗಿನಿಂದ ವರ್ಷಕ್ಕೊಮ್ಮೆ ಅವನು ಮಗಳ ಕಣ್ಣು ಪರೀಕ್ಷಿಸುತ್ತ ಬಂದಿದ್ದ. ಪ್ರತಿ ವರ್ಷವೂ ಅವಳು ಕೊನೆಯ ಸಾಲಿನವರೆಗೆ ನೀರು ಕುಡಿದಂತೆ ಓದಿಬಿಡುತ್ತಿದ್ದಳು. ನಮ್ಮ ಮನೆಯ ಕಣ್ಣೆಂದರೆ ಕಣ್ಣು, ಎಂದು ಅವನು ಬೀಗುತ್ತಿದ್ದ.

ಊರಿನ ಬೋರ್ಡುಗಳು, ತಿರುವುಗಳು, ಜನರ ನಡಿಗೆ, ಎಲ್ಲವೂ ಅವಳಿಗೆ ಬಾಯಿಗೆ ಬರುತ್ತಿದ್ದವು. ನೋಡುವ ಅಗತ್ಯವೇ ಬಿದ್ದಿರಲಿಲ್ಲ.

ಹೆಂಡತಿ ಮಗಳು ಊಟಕ್ಕೆ ಒಳಗೆ ಹೋದರು. ಅವನು ಹಸಿವಿಲ್ಲವೆಂದು ಅಲ್ಲೇ ಕುಳಿತ. ಇವತ್ತೇ ಹೇಳಬೇಕೆಂದು ಎಲ್ಲಿದೆ? ನಾಡಿದ್ದು ಪರೀಕ್ಷೆ ಮಾಡಿ ಒಳ್ಳೆಯ ಕನ್ನಡಕವೊಂದನ್ನು ಕೊಡಬಹುದು. ಊರಿನ ಕಾಲೇಜಿಗೂ ಕಣ್ಣು ಬೇಕಲ್ಲವೇ? ಎರಡು ದಿನದಲ್ಲಿ ಯಾರ ಗಂಟು ಹೋಗುತ್ತದೆ? ಯೋಚನೆ ಬಹಳ ಸಲೀಸಾಗಿ ಬಂತು. ಕೇಳಿದವರು ಒಪ್ಪುವ ಹಾಗೆಯೇ ಬಂತು. ಆದರೆ 'ಅಲ್ಲಿಯವರ ಚುರುಕು ನನಗಿಲ್ಲ' ಎಂಬುದರ ಕೆಳಗೆ ಪೆನ್ನು ಒತ್ತಿದ ಜೋರಿಗೆ ಹಾಳೆ ತುಸು ಹರಿದಿತ್ತು. ಅವನು ಆ ಹರುಕಿನ ಮೇಲೆ ಹೆಬ್ಬೆರಳಾಡಿಸಿದ. ಆಮೇಲೆ ಎದ್ದು, ಕಪಾಟಿನ ಹಿಂದಿನಿಂದ ಬಿಳಿ ರಟ್ಟೊಂದನ್ನು ಎಳೆದು, ಅಳತೆಪಟ್ಟಿ ಮತ್ತು ಕಪ್ಪು ಶಾಯಿ ತೆಗೆದುಕೊಂಡು, ಹೊಸ ಅಕ್ಷರಗಳನ್ನು ಒಂದೊಂದಾಗಿ ತಿರುಗುಮುರುಗಾಗಿ ಬರೆಯತೊಡಗಿದ. ಸಾಲಿನಿಂದ ಸಾಲಿಗೆ ಎಷ್ಟು ಕಿರಿದಾಗಬೇಕೋ ಅಷ್ಟೇ, ಒಂದು ಕೂದಲೂ ಹೆಚ್ಚುಕಡಿಮೆಯಾಗದಂತೆ. ಮುಗಿಯುವಾಗ ಮೂರು ಗಂಟೆ.

ಅದನ್ನು ಹಳೆಯ ಫಲಕದ ಜಾಗಕ್ಕೆ ತೂಗುಹಾಕಿ, ಮಗಳನ್ನು ಕರೆದು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದ.

"ಇದೇನು ಹೊಸದಾಗಿ? ವರ್ಷ ಇನ್ನೂ ತುಂಬಿಲ್ಲವಲ್ಲ."

"ಓದು."

"ರ. ಗ, ಪ. ಮ, ಟ, ದ. ಸ, ಡ, ಹ, ಬ..." ಅವಳು ಆಕಳಿಸುತ್ತ ಕೊನೆಯ ಸಾಲಿಗೆ ಬಂದೇಬಿಟ್ಟಳು.

ತಿರುಪಿನ ಡಬ್ಬಿ ಹೆಂಡತಿಯ ಕೈಯಿಂದ ಉರುಳಿತು. ಬಾಗಿಲ ಬಳಿ ನಿಂತು ಅವಳು ಹೊಸ ರಟ್ಟನ್ನೇ ನೋಡುತ್ತಿದ್ದಳು. "ಅಯ್ಯೋ ನನ್ನ ಕರ್ಮವೇ! ಅಲ್ಲಿರೋದರಲ್ಲಿ ಒಂದಕ್ಷರವನ್ನಾದರೂ ಹೇಳಬಾರದೇನೇ!"

ಮಗಳು ಮುಂದಕ್ಕೆ ಬಾಗಿದಳು. ಕಣ್ಣು ಕಿರಿದಾಯಿತು. ಬಹಳ ಹೊತ್ತು ಕನ್ನಡಿಯನ್ನು ನೋಡಿದಳು. "ಮೇಲಿನದು... ಕ ಇರಬೇಕು. ಕೆಳಗಡೆ ಇರುವೆ ಹರಿದ ಹಾಗಿದೆ," ಎಂದಳು ಕೊನೆಗೆ, ಸಣ್ಣ ಸ್ವರದಲ್ಲಿ.

"ಸಾಕು," ಎಂದ ಕನ್ನಡಕದವನು. ಪರೀಕ್ಷೆಯ ಚೌಕಟ್ಟನ್ನು ಅವಳ ಮೂಗಿನ ಮೇಲಿಟ್ಟು ಮಸೂರಗಳನ್ನು ಬದಲಿಸುತ್ತ ಹೋದ. ಇದೋ, ಇದೋ? ಇದೋ, ಮೊದಲಿನದೋ? ಎರಡು ಕಣ್ಣಿಗೂ ಒಂದೂಮುಕ್ಕಾಲು. ದೂರದ್ದು ಕಾಣದ ಸಮೀಪದೃಷ್ಟಿ.

ಆ ಭಾರದ ಚೌಕಟ್ಟನ್ನು ಹೊತ್ತುಕೊಂಡೇ ಮಗಳು ಬಾಗಿಲಿಗೆ ಹೋದಳು. ಎದುರಿಗೆ ಬೀಗ ರಿಪೇರಿಯವನ ಅಂಗಡಿ. ಅವನ ದೊಡ್ಡ ಬೋರ್ಡಿನ ಕೆಳಗಿದ್ದ ಸಣ್ಣ ಸಾಲನ್ನು ಅವಳು ತಡೆತಡೆದು ಓದಿದಳು: "ಒಂದರಿಂದ ಎರಡು ನಿದ್ದೆ. ಮನೆಗೆ ಬೆಂಕಿ ಬಿದ್ದರೆ ಮಾತ್ರ ಎಬ್ಬಿಸಿ." ತಿರುಗಿ ಕೇಳಿದಳು, "ಇದು ಯಾವಾಗ ಬರೆಸಿದ್ದು?"

"ಎರಡು ವರ್ಷ ಆಯ್ತು," ಎಂದಳು ತಾಯಿ. "ನೀನು ವಾರಕ್ಕೊಂದು ಸಲ ಅವರನ್ನು ಎಬ್ಬಿಸಿ ಬೈಸಿಕೊಂಡು ಬರ್ತಿದ್ದೆ. ನಿನಗೆ ಕೊಬ್ಬು ಅಂದುಕೊಂಡಿದ್ದೆ ನಾನು."

ಮಗಳು ನಕ್ಕಳು. ಒಳಗೆ ಬಂದು ಎರಡನೆಯ ಹಾಳೆ ತೆಗೆದುಕೊಂಡು, ಪೆನ್ನಿನಿಂದ ಒಂದೊಂದೇ ಮಾತನ್ನು ಹೊಡೆದು ಹಾಕಿದಳು. ಮುಖವಿಲ್ಲದ ಜನ ಹೋದರು. ತಪ್ಪು ಬಾಗಿಲುಗಳು ಹೋದವು. 'ಬಿದ್ದರೆ ಎತ್ತಲು ಗುರುತಿನವರಿಲ್ಲ' ಎಂಬಲ್ಲಿ ಪೆನ್ನು ನಿಂತಿತು.

"ಅದನ್ನೂ..." ಎಂದು ಅವನು ಬಾಯಿ ತೆಗೆದ.

"ಇದು ಕಣ್ಣಿಂದ ಬಂದದ್ದಲ್ಲ ಅಪ್ಪ. ಇದು ಇರಲಿ." ಹಿಂಬದಿಯ ಕಲ್ಲಿನ ಮಾತನ್ನೂ ಅವಳು ಹೊಡೆಯಲಿಲ್ಲ. ಅದರ ಮುಂದೊಂದು ಪ್ರಶ್ನೆಚಿಹ್ನೆ ಹಾಕಿದಳು. "ಈ ವಾರ ಪೂರ್ತಿ ಹೊಸಬರಿಗೆ ಅದೇ ಪಾಠ ಮಾಡ್ತಾರಂತೆ. ನಾಳೆ ಹೋಗಿ ಕೊನೆಯ ಬೆಂಚಲ್ಲೇ ಕೂತು ಬರ್ತೀನಿ. ಸಹಿ ಹಾಕ್ತೀನಿ ಅಂತ ಅಲ್ಲ."

"ಅಲ್ಲ," ಎಂದು ಅವನೂ ಒಪ್ಪಿದ. ದೀಪ ಹಚ್ಚುವ ಹೊತ್ತಿಗೆ ಸಾಣೆ ತಿರುಗಿಸಿ ಮಸೂರಗಳ ಅಂಚು ಉಜ್ಜಿದ. ಹೆಂಡತಿ ತಿರುಪು ಕೂರಿಸಿದಳು. ಮರುದಿನ ಬೆಳಗಿನ ಮೊದಲ ಬಸ್ಸು ಮೂಲೆ ತಿರುಗುತ್ತಿದ್ದಂತೆಯೇ ಅದರ ನಂಬರನ್ನು ಮಗಳು ಅವನಿಗಿಂತ ಮೊದಲು ಓದಿದಳು.

ಅಂದೇ ಮಧ್ಯಾಹ್ನ ಮೂರೂವರೆಗೆ ಫೋನು ಬಂತು. ಆಗ ಅಂಚೆಯವನು ಕುರ್ಚಿಯಲ್ಲಿ ಕುಳಿತು ಹೊಸ ಫಲಕದೊಡನೆ ಗುದ್ದಾಡುತ್ತಿದ್ದ.

"ಅಪ್ಪ, ಅದು ಕಲ್ಲೇ ಅಲ್ಲ! ಸಿಮೆಂಟು ತುಂಡು. ಅದರ ಮೇಲೆ ಕೋಳಿ ಹೆಜ್ಜೆ!"

ಕನ್ನಡಕದವನಿಗೆ ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದಾಗ ಅಂಚೆಯವನು ಬೆಚ್ಚುವಷ್ಟು ಜೋರಾಗಿ ನಕ್ಕ. "ನೀನೂ ನಕ್ಕೆಯಾ?"

"ಎಲ್ಲರಿಗಿಂತ ಮೊದಲು. ಮೇಷ್ಟರು ನನ್ನ ಕಡೆ ನೋಡಿದರು. ಅವರ ಮೂಗಿನ ಮೇಲೆ ಮಚ್ಚೆ ಇದೆ."

"ಈಗ ಎಲ್ಲಿದ್ದೀಯ?"

"ಕಚೇರಿ ಮುಂದೆ, ಸಾಲಲ್ಲಿ. ನನ್ನ ಮುಂದೆ ಹನ್ನೊಂದು ಜನ. ಎಲ್ಲರಿಗಿಂತ ಮುಂದಿರೋನ ಚೀಲದ ಜಿಪ್ಪು ಕಿತ್ತುಹೋಗಿದೆ," ಎಂದಳು ಮಗಳು. ಮತ್ತೆ, "ಕಾಣಿಸ್ತಿದೆ," ಎಂದಳು.

ಸಂಜೆ ಅವನು ಎಂದಿನಂತೆ ಸಾಣೆಯ ಮುಂದೆ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಮೋಟು ಸ್ಟೂಲನ್ನು ಕಾಲಿನಿಂದ ಸರಿಸಿ ಎದ್ದು ಬಂದು, ಪಕ್ಕದ ಕುರ್ಚಿಯಲ್ಲಿ ಕುಳಿತು, ಪತ್ರಿಕೆ ಬಿಡಿಸಿದಳು. "ಅವಳ ಹಾಗೆ ಕೊಂಕು ಮಾತಾಡೋಕೆ ನನಗೆ ಬರಲ್ಲ. ಬರೀ ಓದ್ತೀನಿ, ಕೇಳಿ," ಎಂದು ಗಂಟಲು ಸರಿಮಾಡಿಕೊಂಡಳು. ಪತ್ರಿಕೆಯನ್ನು ಒಂದಿಷ್ಟು ದೂರ ಹಿಡಿದಳು. ಇನ್ನೊಂದಿಷ್ಟು ದೂರ ಹಿಡಿದಳು. ಕೈ ಪೂರ್ತಿ ಚಾಚಿದರೂ ಸಾಲದೆ ತಲೆಯನ್ನು ಹಿಂದಕ್ಕೆ ವಾಲಿಸಿದಳು.

ಕನ್ನಡಕದವನು ಸಾಣೆ ನಿಲ್ಲಿಸಿದ. ಕೈ ಚಾಚಿ, ಮಸೂರಗಳ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ.